ಅರ್ಧ ಸೀಟು ಕೊಟ್ಟರು, ಚುನಾವಣೆ ಮಾತ್ರ ನಡೆಸಲಿಲ್ಲ

2015ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಬಿಬಿಎಂಪಿಗೆ ಚುನಾವಣೆ ನಡೆದಾಗ 198 ವಾರ್ಡ್‌ಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದವು. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಾಗಿ ಐದು ವರ್ಷ ಕಳೆದರೂ ಹೊಸ ಚುನಾವಣೆ ಆಗಲಿಲ್ಲ. ಕಾರ್ಪೊರೇಟರ್‌ಗಳೇ ಇಲ್ಲದ ಊರಲ್ಲಿ ಮೀಸಲಾತಿ ಯಾರಿಗೆ?

ಕರ್ನಾಟಕದಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗೆದ್ದು ಬಂದದ್ದು ಮೊದಲು ಹಳ್ಳಿಗಳಲ್ಲಿ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ ಪಂಚಾಯ್ತಿ ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಸೀಟು ಕೊಟ್ಟಿತು. 1987ರಲ್ಲಿ ಚುನಾವಣೆಯೂ ಆಯಿತು. ನಗರಗಳ ವಿಷಯದಲ್ಲಿ 1989ರಲ್ಲಿ ರಾಜೀವ್ ಗಾಂಧಿ ಸರ್ಕಾರ ತಂದ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಕೊನೆಗೆ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಪಾಲಿಕೆ, ನಗರಸಭೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸೀಟು ಮಹಿಳೆಯರಿಗೆ ಎಂದಾಯಿತು. ಕರ್ನಾಟಕ ಮುಂದೆ ಅದನ್ನು ಅರ್ಧಕ್ಕೆ ಏರಿಸಿತು.

ಆದರೆ ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿದೆ. ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಸಲೇಬೇಕು. ಬೆಂಗಳೂರಿನಲ್ಲಿ ಇದು ತಪ್ಪಿದ್ದು 2020ರಲ್ಲಿ ಮಾತ್ರ ಅಲ್ಲ. 2006ರ ಕೊನೆಯಿಂದ 2010ರವರೆಗೂ ಅಧಿಕಾರಿಗಳೇ ನಗರ ನಡೆಸಿದರು. ಎರಡೂ ಸಲ ವಾರ್ಡ್‌ಗಳ ಗಡಿ ಹೊಸದಾಗಿ ಎಳೆಯುವ ಕೆಲಸ ನಡೆಯುತ್ತಿತ್ತು. 198 ಇದ್ದದ್ದು 243 ಆಯಿತು, ಆಮೇಲೆ 225. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು.

ಇದರ ಪೆಟ್ಟು ಹೆಣ್ಣುಮಕ್ಕಳಿಗೇ ಜಾಸ್ತಿ. ಮಹಿಳಾ ವಾರ್ಡ್‌ಗಳು ಸರದಿ ಪ್ರಕಾರ ಬದಲಾಗುತ್ತವೆ. ಈ ಸಲ ಗೆದ್ದವರ ವಾರ್ಡ್ ಮುಂದಿನ ಸಲ ಸಾಮಾನ್ಯವಾಗಬಹುದು. ಆಗ ಪಕ್ಷದವರು ಟಿಕೆಟ್ ಕೊಡೋದು ಹೆಚ್ಚಾಗಿ ಗಂಡಸರಿಗೇ. ಮೇಯರ್ ಪಟ್ಟವೂ ಹಾಗೇ ಇತ್ತು. ಜಿ. ಪದ್ಮಾವತಿ, ಗಂಗಾಂಬಿಕೆ ಮಲ್ಲಿಕಾರ್ಜುನ್ ಅವರಿಗೆ ಸಿಕ್ಕಿದ್ದು ತಲಾ ಒಂದೇ ವರ್ಷ. ಬಜೆಟ್, ಟೆಂಡರ್, ಕಸದ ಗುತ್ತಿಗೆಯ ಒಳಸುಳಿ ತಿಳಿಯೋಕೆ ಒಂದು ವರ್ಷ ಸಾಕಾಗುತ್ತಾ? ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿದ್ದು 2020ರ ಬಿಬಿಎಂಪಿ ಕಾಯ್ದೆ. ಅದು ಬಂದಾಗ ಕೌನ್ಸಿಲೇ ಇರಲಿಲ್ಲ.

‘ಹೆಸರು ಹೆಂಡತಿಯದು, ಆಡಳಿತ ಗಂಡನದು’ ಅನ್ನೋ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಹಲವು ಕಡೆ ಅದು ನಿಜವೂ ಹೌದು. ಆದರೆ ಮೊದಲ ಅವಧಿಯಲ್ಲಿ ತಡವರಿಸಿದವರು ಎರಡನೆಯದರಲ್ಲಿ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾರೆ. ಆ ಎರಡನೇ ಅವಧಿಯನ್ನೇ ನಾವು ಅವರಿಗೆ ಕೊಡುತ್ತಿಲ್ಲ. ಸರದಿಯನ್ನು ಕನಿಷ್ಠ ಎರಡು ಚುನಾವಣೆಗೊಮ್ಮೆ ಬದಲಿಸಬೇಕು. ಚುನಾವಣೆಯ ದಿನಾಂಕವನ್ನು ಸರ್ಕಾರದ ಮರ್ಜಿಗೆ ಬಿಡಬಾರದು.