ಮಲ್ಟಿಪ್ಲೈಯರ್ ಅನ್‌ಲಾಕ್: ಪೆನ್ಸಿಲ್ ಗೀಟಿನಿಂದ ತೆರೆಯುತ್ತಿದ್ದ ಬೀಗ

ಪ್ರೊಸೆಸರಿನ ವೇಗ ಒಂದು ಗುಣಾಕಾರ. ಮದರ್‌ಬೋರ್ಡು ಕೊಡುವ ಬಸ್ (ಮಾಹಿತಿ ಸಾಗುವ ದಾರಿ) ವೇಗವನ್ನು ಪ್ರೊಸೆಸರಿನ ಮಲ್ಟಿಪ್ಲೈಯರ್ ಗುಣಿಸುತ್ತದೆ: 100 ಮೆಗಾಹರ್ಟ್ಸ್ × 10 = 1000. ಹಳೆಯ ಬೋರ್ಡುಗಳಲ್ಲಿ ಬಸ್ ಏರಿಸಿದರೆ ರ‍್ಯಾಮ್, ಬೋರ್ಡಿಗೆ ಸಿಕ್ಕಿಸಿದ ಪಿಸಿಐ ಕಾರ್ಡುಗಳ ವೇಗವೂ ಏರಿ ಯಾವುದಾದರೊಂದು ಕೈಕೊಡುತ್ತಿತ್ತು. ಮಲ್ಟಿಪ್ಲೈಯರ್ ಏರಿಸಿದರೆ ಪ್ರೊಸೆಸರ್ ಮಾತ್ರ ಓಡುತ್ತದೆ. ಅಗ್ಗದ ಚಿಪ್ಪಿಗೆ ಹೆಚ್ಚಿನ ವೇಗದ ಅಚ್ಚು ಒತ್ತಿ ಮಾರುವ ದಂಧೆ ಶುರುವಾದ ಮೇಲೆ ಕಂಪನಿಗಳು ಮಲ್ಟಿಪ್ಲೈಯರ್‌ಗೆ ಬೀಗ ಹಾಕಿದವು.

2000ರಲ್ಲಿ ಬಂದ ಎಎಂಡಿ ಡ್ಯುರಾನ್, ಥಂಡರ್‌ಬರ್ಡ್ ಅಥ್ಲಾನ್ ಪ್ರೊಸೆಸರುಗಳಲ್ಲಿ ಆ ಬೀಗ ಕಣ್ಣಿಗೇ ಕಾಣುತ್ತಿತ್ತು. ಸೆರಾಮಿಕ್ ಮೈಮೇಲೆ ಎಲ್1 ಎಂದು ಬರೆದ ಕಡೆ ನಾಲ್ಕು ಪುಟ್ಟ ಸೇತುವೆ. ಲೇಸರ್‌ನಿಂದ ಅವನ್ನು ಕತ್ತರಿಸಿದ್ದರೆ ಬೋರ್ಡಿನ ಮಾತು ಚಿಪ್ಪಿಗೆ ತಲುಪದು. ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದಲ್ಲ, ಮೆತ್ತಗಿನ 2ಬಿ ಪೆನ್ಸಿಲ್ ಚೂಪು ಮಾಡಿ ಪ್ರತಿ ಜೋಡಿ ಚುಕ್ಕೆಯ ನಡುವೆ ನಾಲ್ಕಾರು ಸಲ ಗೀಚಿದರೆ ಸೇತುವೆ ಕೂಡಿತು. ಗೀಟು ಪಕ್ಕದ ಸೇತುವೆಗೆ ತಾಗಿದರೆ ಕಂಪ್ಯೂಟರ್ ತಪ್ಪು ವೇಗ ತೋರಿಸುತ್ತದೆ, ಇಲ್ಲವೇ ಶುರುವೇ ಆಗದು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಮತ್ತೆ ಗೀಚಬೇಕು. ಬೋರ್ಡಿನಲ್ಲೂ ಮಲ್ಟಿಪ್ಲೈಯರ್ ಬದಲಿಸುವ ಸ್ವಿಚ್ಚು ಅಥವಾ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಆಯ್ಕೆ ಇರಲೇಬೇಕು. ಇಲ್ಲದಿದ್ದರೆ ಗೀಚಿದ್ದು ದಂಡ.

2001ರ ಅಥ್ಲಾನ್ ಎಕ್ಸ್‌ಪಿಯಲ್ಲಿ ಪೆನ್ಸಿಲ್ ಸೋತಿತು. ಲೇಸರ್ ಅಲ್ಲಿ ಗುಂಡಿಯನ್ನೇ ತೋಡಿತ್ತು, ತಳದಲ್ಲಿ ತಾಮ್ರದ ಪದರ. ಗುಂಡಿಗೆ ಮೊದಲು ಸೂಪರ್ ಗ್ಲೂ ತುಂಬಿ, ಒಣಗಿದ ಮೇಲೆ ಮಟ್ಟ ಮಾಡಿ, ಮೇಲೆ ಬೆಳ್ಳಿಯ ವಾಹಕ ಬಣ್ಣ ಎಳೆಯಬೇಕು. ಗ್ಲೂ ತುಂಬದೆ ಬಣ್ಣ ಹಚ್ಚಿದರೆ ಅದು ಇಳಿದು ಶಾರ್ಟ್ ಆಗುತ್ತದೆ.

ಬೀಗ ತೆಗೆಯುವುದಕ್ಕಿಂತ ಕಷ್ಟದ್ದು ಬಿಸಿ. 1000 ಮೆಗಾಹರ್ಟ್ಸ್ ಥಂಡರ್‌ಬರ್ಡ್ 1.75 ವೋಲ್ಟ್‌ನಲ್ಲಿ ಹೆಚ್ಚೆಂದರೆ 54 ವ್ಯಾಟ್ ಉಣ್ಣುತ್ತದೆ. 1.85 ವೋಲ್ಟ್, 1200 ಮೆಗಾಹರ್ಟ್ಸ್‌ಗೆ ಏರಿಸಿದರೆ ಸುಮಾರು 72. ವೇಗದಷ್ಟೂ, ಅದರ ಮೇಲೆ ವೋಲ್ಟೇಜಿನ ವರ್ಗದಷ್ಟೂ ಶಕ್ತಿ ಏರುವುದೇ ಕಾರಣ. ವ್ಯಾಟ್‌ಗೆ 0.6 ಡಿಗ್ರಿ ಏರುವ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಇಟ್ಟರೆ ಕೋಣೆಯ ಬಿಸಿಯ ಮೇಲೆ 43 ಡಿಗ್ರಿ, ಕ್ಯಾಬಿನೆಟ್ಟಿನೊಳಗಿನ ಸೆಕೆ ಇನ್ನೊಂದು 5. ಮಳೆಗಾಲದ ಬೆಳಗಾವಿಯಲ್ಲಿ ಕೋಣೆ 25 ಇದ್ದರೆ ಒಟ್ಟು 73, ನಿರಾಳ. ವಿಜಯಪುರದ ಬ್ಯಾಸಗಿಯ 40ಕ್ಕೆ ಅದೇ ಲೆಕ್ಕ 88. ಈ ಚಿಪ್ಪಿನ ಮಿತಿಯೇ 90! ಮೇ ತಿಂಗಳಲ್ಲಿ ಅಲ್ಲಿ ಈ ಸಾಹಸ ಬೇಡ. ಹೀಟ್‌ಸಿಂಕ್ ಇಲ್ಲದೆ ಸ್ವಿಚ್ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಚಿಪ್ಪು ಸುಟ್ಟುಹೋಗುತ್ತದೆ. ಕ್ಲಿಪ್ಪನ್ನು ಒಂದು ಬದಿಯಿಂದ ಜಗ್ಗಿ ಒತ್ತಿದರೆ ಬೋಳು ಡೈನ (ಮುಚ್ಚಳವಿಲ್ಲದ ಸಿಲಿಕಾನ್ ತುಣುಕಿನ) ಮೂಲೆ ಮುರಿಯುತ್ತದೆ.

ಈಗಿನ ಬೀಗ ಸಿಲಿಕಾನ್ ಒಳಗೇ ಇದೆ, ಗೀಚಲು ಏನೂ ಇಲ್ಲ. ಇಂಟೆಲ್ ಕೊಳ್ಳುವವರು 2011ರ ಐ5-2500ಕೆ ತರಹ ಹೆಸರಿನ ಕೊನೆಗೆ 'ಕೆ' ನೋಡಿ, ಜೊತೆಗೆ ಜೆಡ್ ಸರಣಿಯ ಬೋರ್ಡು ತಗೋಬೇಕು. ಎಎಂಡಿಯ ರೈಜೆನ್‌ಗಳಲ್ಲಿ ಬಹುತೇಕ ಎಲ್ಲವೂ ತೆರೆದೇ ಬರುತ್ತವೆ. 2022ರ 5800ಎಕ್ಸ್3ಡಿ ತರಹದ ಕೆಲವು ಬೀಗ ಹಾಕಿಕೊಂಡೇ ಬಂದವು.