ಕಿಸೆಗೊಂದು ಮ್ಯಾಗ್ನೆಟ್, ಆದರೆ ಹೊಲಿದುಬಿಡಬೇಡಿ

ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತುವವರನ್ನು ಒಮ್ಮೆ ಗಮನಿಸಿ. ಒಂದು ಕೈ ಬಾಗಿಲ ನಡುವಿನ ಕಂಬಕ್ಕೆ, ಇನ್ನೊಂದು ಕೈ ಕಿಸೆಯ ಮೇಲೆ. ಬೆನ್ನಿನ ಬ್ಯಾಗು ಎದೆಗೆ ಬಂದಿರುತ್ತದೆ. ಮುಂಬೈ ಕನ್ನಡಿಗರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಊರಿಂದ ಬಂದ ನೆಂಟರಿಗೆ ದಾದರ್ ಬರುವ ಮೊದಲೇ "ಪಾಕೀಟು ಜೋಪಾನ" ಅಂತ ಎಚ್ಚರಿಸುವವರೂ ಅವರೇ.

ಇಷ್ಟಾದರೂ ನಮ್ಮ ಶರ್ಟಿನ ಕಿಸೆಗೆ ಬಾಯಿ ಮುಚ್ಚುವ ವ್ಯವಸ್ಥೆಯೇ ಇರುವುದಿಲ್ಲ. ಗುಂಡಿ ಇಟ್ಟರೆ ಎರಡು ಕೈ ಬೇಕು. ಜಿಪ್ ಇಟ್ಟರೆ ತೆಳು ಕಾಟನ್ ಬಟ್ಟೆ ಸುಕ್ಕಾಗಿ ಎದ್ದು ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ 1955ರಲ್ಲಿ ಪೇಟೆಂಟ್ ಪಡೆದ ವೆಲ್ಕ್ರೋ ಗಟ್ಟಿ ಏನೋ ಹೌದು, ಆದರೆ ಒಗೆದಂತೆಲ್ಲ ನೂಲು, ಕೂದಲು ತುಂಬಿಕೊಳ್ಳುತ್ತದೆ. ಮೀಟಿಂಗ್ ನಡುವೆ ಪರ್‍ರ್ ಅಂತ ಹರಿಯುವ ಆ ಸದ್ದೂ ಬೇರೆ.

ಉಳಿದದ್ದು ಮ್ಯಾಗ್ನೆಟ್. ಕಿಸೆಯ ಬಾಯಿಯ ಒಳಗೆ, ಹಿಂದೊಂದು ಮುಂದೊಂದು ಪುಟ್ಟ ಬಿಲ್ಲೆ. ಕೈ ತೆಗೆದ ಕೂಡಲೇ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದೇ ಕೈಯಲ್ಲಿ ತೆರೆಯಬಹುದು, ನೋಡುವ ಅಗತ್ಯವೂ ಇಲ್ಲ. ಹೆಂಗಸರ ಹ್ಯಾಂಡ್‌ಬ್ಯಾಗಿನಲ್ಲಿ ಇದು ದಶಕಗಳಿಂದ ಇದೆ. ಅಲ್ಲಿ ಎಷ್ಟು ದೊಡ್ಡ ವ್ಯಾಪಾರವೆಂದರೆ, ಹ್ಯಾಂಡ್‌ಬ್ಯಾಗಿನ ಮ್ಯಾಗ್ನೆಟ್ ಗುಂಡಿಯ ನಕಲಿಗೆ ಸಂಬಂಧಿಸಿದ ರೋಮ್ಯಾಗ್ ಮತ್ತು ಫಾಸಿಲ್ ಕಂಪನಿಗಳ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2020ರಲ್ಲಿ ತೀರ್ಪು ಬಂತು. ಹಾಗಿದ್ದರೆ ಬ್ಯಾಗಿಗೆ ಒಗ್ಗಿದ್ದು ಶರ್ಟಿಗೆ ಯಾಕೆ ಸುಲಭವಾಗಿ ಬರಲಿಲ್ಲ? ಉತ್ತರ ಸರಳ. ಹ್ಯಾಂಡ್‌ಬ್ಯಾಗು ಧೋಬಿಯ ಹತ್ತಿರ ಹೋಗುವುದಿಲ್ಲ. ಶರ್ಟು ಹೋಗುತ್ತದೆ. ಅದಕ್ಕೇ ಕಿಸೆಯ ಮ್ಯಾಗ್ನೆಟ್ಟಿಗೆ ಬಿಚ್ಚಿ ತೆಗೆಯುವ ದಾರಿ ಇರಲೇಬೇಕು ಅನ್ನುವುದು ನನ್ನ ವಾದ. ಅದೊಂದು ಹೆಚ್ಚುವರಿ ಸೌಕರ್ಯ ಅಲ್ಲ, ಇಡೀ ಉಪಾಯ ನಿಂತಿರುವುದೇ ಅದರ ಮೇಲೆ.

ಮೊದಲು ಬಿಲ್ಲೆಯ ಕಸುವು ನೋಡೋಣ. 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ನಿಯೋಡೈಮಿಯಂ ಬಿಲ್ಲೆಯ ತೂಕ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ದಪ್ಪ ಉಕ್ಕಿನ ತಗಡಿಗೆ ನೇರವಾಗಿ ಅಂಟಿದರೆ ಅದು ಸುಮಾರು ಒಂದು ಕಿಲೋ ಭಾರ ತಡೆಯುತ್ತದೆ. ನಾವು ಶಾಲೆಯಲ್ಲಿ ನೋಡಿದ ಕಪ್ಪು ಫೆರೈಟ್ ಮ್ಯಾಗ್ನೆಟ್ಟಿನಿಂದ ಈ ಗಾತ್ರದಲ್ಲಿ ಇದು ಆಗದ ಮಾತು. ಈ ಜಾತಿಯ ಮ್ಯಾಗ್ನೆಟ್ ಹುಟ್ಟಿದ್ದರ ಹಿಂದೆ ಒಂದು ಯುದ್ಧವೂ ಇದೆ. 1970ರ ದಶಕದಲ್ಲಿ ಅತಿ ಬಲದ ಮ್ಯಾಗ್ನೆಟ್ ಅಂದರೆ ಸಮೇರಿಯಂ ಮತ್ತು ಕೋಬಾಲ್ಟ್ ಸೇರಿಸಿ ಮಾಡಿದ್ದು. 1978ರಲ್ಲಿ ಆಫ್ರಿಕಾದ ಜೈರ್ (ಈಗಿನ ಕಾಂಗೊ) ದೇಶದ ಗಣಿ ಪ್ರದೇಶದಲ್ಲಿ ಕಾಳಗ ಶುರುವಾಗಿ ಕೋಬಾಲ್ಟ್ ಬೆಲೆ ಗಗನಕ್ಕೇರಿತು. ಕೋಬಾಲ್ಟಿನ ಬದಲು ಅಗ್ಗದ ಕಬ್ಬಿಣ ಬಳಸಲು ಆಗುತ್ತದಾ ಎಂದು ಹಲವರು ಹುಡುಕಿದರು. ಜಪಾನಿನ ಸುಮಿಟೊಮೊ ಸ್ಪೆಷಲ್ ಮೆಟಲ್ಸ್‌ನಲ್ಲಿದ್ದ ಮಸಾಟೊ ಸಗಾವಾ, ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಜಾನ್ ಕ್ರೋಟ್ ಇಬ್ಬರೂ ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ನಿಯೋಡೈಮಿಯಂ, ಕಬ್ಬಿಣ, ಜೊತೆಗೆ ಚಿಟಿಕೆ ಬೋರಾನ್. 1983ರಲ್ಲಿ ಇದು ಜಗತ್ತಿಗೆ ಗೊತ್ತಾಯಿತು. ಇದರಲ್ಲಿ ಕಬ್ಬಿಣ ಬಲ ಕೊಡುತ್ತದೆ. ಆ ಬಲ ದಿಕ್ಕು ತಪ್ಪದಂತೆ ಬಿಗಿಹಿಡಿಯುವುದು ನಿಯೋಡೈಮಿಯಂ.

ಆದರೆ ಒಂದು ಕಿಲೋ ಅನ್ನುವ ಲೆಕ್ಕ ಅಂಗಡಿಯ ಲೆಕ್ಕ. ಕಿಸೆಯಲ್ಲಿ ಅದು ಸಿಗುವುದಿಲ್ಲ. ನಡುವೆ ಬಟ್ಟೆ ಬರುತ್ತದಲ್ಲ! ಮ್ಯಾಗ್ನೆಟ್ಟಿನ ಸೆಳೆತ ದೂರವನ್ನು ಸಹಿಸುವುದೇ ಇಲ್ಲ. ತೆಳು ಶರ್ಟಿನ ಎರಡು ಪದರ ಸೇರಿದರೆ ಅರ್ಧ ಮಿಲಿಮೀಟರ್ ಆಸುಪಾಸು, ಅಲ್ಲಿ ತೊಂದರೆ ಕಡಿಮೆ. ಜೀನ್ಸಿನ ಬಾಯಿ ಮಡಚಿ ಹೊಲಿದ ಕಡೆ ನಾಲ್ಕೈದು ಪದರ, ಎರಡು ಮೂರು ಮಿಲಿಮೀಟರ್. ಅಲ್ಲಿ ಅದೇ ಬಿಲ್ಲೆ ಸೋತು ಸುಣ್ಣವಾಗುತ್ತದೆ. ಬಿಲ್ಲೆಯ ಗಾತ್ರಕ್ಕಿಂತ ಎಷ್ಟೋ ದೂರ ಹೋದ ಮೇಲಂತೂ ಲೆಕ್ಕ ಇನ್ನೂ ಕಠಿಣ. ದೂರ ಎರಡು ಪಟ್ಟಾದರೆ ಎರಡು ಮ್ಯಾಗ್ನೆಟ್‌ಗಳ ನಡುವಿನ ಸೆಳೆತ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಖರ್ಚು ಉಳಿಸಲು ಒಂದು ಕಡೆ ಮ್ಯಾಗ್ನೆಟ್, ಇನ್ನೊಂದು ಕಡೆ ಸಾದಾ ಉಕ್ಕಿನ ವಾಷರ್ ಇಡೋಣ ಅನ್ನಿಸಬಹುದು. ಉಕ್ಕು ಕಾಂತಬಲದ ಮುಂದೆ ಕನ್ನಡಿಯ ಹಾಗೆ ವರ್ತಿಸುತ್ತದೆ. ಉಕ್ಕಿನ ಆಚೆ ಬದಿಗೆ, ಅಷ್ಟೇ ದೂರದಲ್ಲಿ, ಇನ್ನೊಂದು ಮ್ಯಾಗ್ನೆಟ್ ಕೂತಿದೆಯೇನೋ ಅನ್ನುವಂತೆ ಸೆಳೆತ ಹುಟ್ಟುತ್ತದೆ. ಅಂದರೆ ಬಟ್ಟೆ ಒಂದು ಮಿಲಿಮೀಟರ್ ಇದ್ದರೆ, ಮ್ಯಾಗ್ನೆಟ್ಟಿನ ಪಾಲಿಗೆ ಅದು ಎರಡು ಮಿಲಿಮೀಟರ್! ಬಟ್ಟೆ ತೆಳುವಾಗಿದ್ದರೆ ವಾಷರ್ ಸಾಕು. ದಪ್ಪವಾದರೆ ಎರಡು ಕಡೆಯೂ ಮ್ಯಾಗ್ನೆಟ್ಟೇ ಬೇಕು. ಎರಡು ಮ್ಯಾಗ್ನೆಟ್ ಇಟ್ಟರೆ ಇನ್ನೊಂದು ಲಾಭ, ಅವು ಒಂದನ್ನೊಂದು ಹುಡುಕಿ ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ. ತಾಪತ್ರಯ ಅಂದರೆ ಧ್ರುವ ತಿರುಗಿ ಕೂತರೆ ಕಿಸೆ ಮುಚ್ಚುವ ಬದಲು ಬಾಯಿ ಬಿಡುತ್ತದೆ. ಬಿಲ್ಲೆಯ ಒಂದು ಮುಖಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟುಕೊಂಡರೆ ಮುಗಿಯಿತು.

ಕಳ್ಳನಿಂದ ಇದು ಕಾಪಾಡುತ್ತದೆಯೇ? ಇಲ್ಲ, ಸುಮ್ನೆ ಭ್ರಮೆ ಬೇಡ. ಬಿಲ್ಲೆಯನ್ನು ನೇರವಾಗಿ ಎಳೆದು ಕೀಳುವುದು ಕಷ್ಟ. ಪಕ್ಕಕ್ಕೆ ಜಾರಿಸುವುದು ಬಹಳ ಸುಲಭ, ಯಾಕೆಂದರೆ ಅಲ್ಲಿ ತಡೆಯುವುದು ಹೆಚ್ಚಾಗಿ ಘರ್ಷಣೆ ಮಾತ್ರ. ಒಂದು ಅಂಚು ಎತ್ತಿದರೂ ಸಾಕು, ಉಳಿದದ್ದು ತಾನೇ ಬಿಡುತ್ತದೆ. ಕಿಸೆಯ ಒಡೆಯನಿಗೆ ತೆರೆಯಲು ಸುಲಭವಾಗಿರುವುದು ಇದೇ ಕಾರಣಕ್ಕೆ, ಪಾಕೀಟುಮಾರನಿಗೂ ಇದೇ ಕಾರಣಕ್ಕೆ. ಬೀಗದ ಕೆಲಸ ಇದರಿಂದ ನಿರೀಕ್ಷಿಸಬಾರದು. ಬಗ್ಗಿ ಚಪ್ಪಲಿ ಹಾಕುವಾಗ ಮೊಬೈಲ್ ಜಾರಿ ಬೀಳದಿರುವುದು, ಬಾಗಿಲ ಬಳಿ ನಿಂತಾಗ ಗಾಳಿಗೆ ಪಾಸು ಹಾರದಿರುವುದು, ಇವಕ್ಕೆ ಮಾತ್ರ ಇದು ಒಳ್ಳೆಯದು. ಕೈ ನಡುಗುವವರಿಗೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ಮೌರಾ ಹಾರ್ಟನ್ ಎಂಬಾಕೆ ಪಾರ್ಕಿನ್ಸನ್ಸ್ ಇದ್ದ ತನ್ನ ಗಂಡನಿಗಾಗಿ, ನೋಡಲು ಗುಂಡಿಯಂತೆಯೇ ಇದ್ದು ಹಿಂದೆ ಮ್ಯಾಗ್ನೆಟ್ ಅಡಗಿರುವ ಶರ್ಟು ರೂಪಿಸಿ, ಅದನ್ನೇ ಉದ್ಯಮ ಮಾಡಿದರು.

ಈಗ ಧೋಬಿಯ ವಿಷಯ. ಮಹಾಲಕ್ಷ್ಮಿಯ ಧೋಬಿ ಘಾಟ್ ನೋಡಿದವರಿಗೆ ಗೊತ್ತು, ಅಲ್ಲಿ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಾರೆ. ನಿಯೋಡೈಮಿಯಂ ಬಿಲ್ಲೆ ನೋಡಲು ಸ್ಟೀಲಿನಂತೆ ಹೊಳೆದರೂ ಒಳಗೆ ಅದು ಪುಡಿಯನ್ನು ಒತ್ತಿ, ಬಿಸಿ ಮಾಡಿ ಗಟ್ಟಿಯಾಗಿಸಿದ ವಸ್ತು. ಪಿಂಗಾಣಿಯ ಗುಣ ಅದಕ್ಕೆ. ಒಂದೇ ಏಟಿಗೆ ಚೂರು ಏಳುತ್ತದೆ. ಹೊಳಪು ಬರುವುದು ಮೇಲಿನ ನಿಕಲ್ ಲೇಪದಿಂದ, ಅದರ ದಪ್ಪ ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಅದು ಬಿರಿದರೆ ಕಥೆ ಮುಗಿಯಿತು. ಒಳಗಿನ ಕಣಗಳ ಸಂದಿಯಲ್ಲಿ ನಿಯೋಡೈಮಿಯಂ ಹೆಚ್ಚಿರುವ ಭಾಗ ಇರುತ್ತದೆ, ನೀರು ಮತ್ತು ಉಪ್ಪು ಮೊದಲು ಅದನ್ನೇ ತಿನ್ನುತ್ತವೆ. ಕಣಗಳು ಸಡಿಲವಾಗಿ ಬಿಲ್ಲೆ ಬೂದುಪುಡಿಯಾಗಿ ಉದುರುತ್ತದೆ. ಮುಂಬೈಯ ಸಮುದ್ರದ ಗಾಳಿ, ಬೆವರು, ನಾಲ್ಕು ತಿಂಗಳ ಮಳೆ ಮೂರೂ ಸೇರಿದರೆ ಇನ್ನೇನು ಬೇಕು?

ಮನೆಯ ವಾಷಿಂಗ್ ಮೆಷಿನ್ ಆದರೆ ವಾಸಿಯೇ? ಏಟು ಕಡಿಮೆ, ನಿಜ. ಆದರೆ ಹಲವು ಡ್ರಮ್‌ಗಳ ಸ್ಟೀಲು ಮ್ಯಾಗ್ನೆಟ್ಟಿಗೆ ಅಂಟುವ ಜಾತಿಯದು. ಶರ್ಟು ಡ್ರಮ್ಮಿಗೆ ಅಂಟಿಕೊಂಡು, ಮೆಷಿನ್ ತಿರುಗಿದಂತೆ ಕಿಸೆಯ ಮೂಲೆ ಹರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಇಸ್ತ್ರಿ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ ಮ್ಯಾಗ್ನೆಟ್ಟಿನ ಸಹನೆ 80 ಡಿಗ್ರಿ ಸೆಲ್ಸಿಯಸ್ ತನಕ. ತೆಳ್ಳನೆಯ ಬಿಲ್ಲೆಯಾದರೆ ಅದಕ್ಕೂ ಮೊದಲೇ ಸೋಲಬಹುದು, ಯಾಕೆಂದರೆ ಚಪ್ಪಟೆಯಾದಷ್ಟೂ ಮ್ಯಾಗ್ನೆಟ್ಟಿನ ಎರಡು ಮುಖಗಳು ಒಂದರ ಬಲವನ್ನೊಂದು ಹೆಚ್ಚು ಕುಗ್ಗಿಸುತ್ತವೆ. ಕಾಟನ್‌ಗೆ ಇಡುವ ಇಸ್ತ್ರಿ 200 ಡಿಗ್ರಿ ಹತ್ತಿರ ಇರುತ್ತದೆ. ಬಿಲ್ಡಿಂಗ್ ಕೆಳಗಿನ ಇಸ್ತ್ರಿವಾಲಾನ ಇದ್ದಿಲ ಪೆಟ್ಟಿಗೆಗೆ ಯಾವ ಥರ್ಮೋಸ್ಟಾಟೂ ಇಲ್ಲ. 310 ಡಿಗ್ರಿ ದಾಟಿದರೆ ಕಾಂತಗುಣ ಪೂರ್ತಿ ಹೋಗುತ್ತದೆ. ಆದರೆ ಅಲ್ಲಿಯವರೆಗೆ ಹೋಗಬೇಕಾಗಿಯೇ ಇಲ್ಲ. 80 ದಾಟಿದಾಗಲೇ ಒಳಗಿನ ಒಂದಷ್ಟು ಭಾಗ ದಿಕ್ಕು ತಪ್ಪುತ್ತದೆ. ಬಿಲ್ಲೆ ತಣ್ಣಗಾದ ಮೇಲೂ ಅದು ವಾಪಸ್ ಬರುವುದಿಲ್ಲ. ಬಿಲ್ಲೆ ನೋಡಲು ಹೊಸದರಂತೆಯೇ ಇರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. 150, 180 ಡಿಗ್ರಿ ತಡೆಯುವ ದರ್ಜೆಗಳೂ ಇವೆ. ಅವಕ್ಕೆ ಸಾಮಾನ್ಯವಾಗಿ ಡಿಸ್ಪ್ರೋಸಿಯಂ ಎಂಬ ದುಬಾರಿ ಧಾತು ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದ ಪಟ್ಟಿಯಲ್ಲಿ ಅದೂ ಇತ್ತು, ನಮ್ಮ ಕಾರು ಕಂಪನಿಗಳು ಪರದಾಡಿದವು. ಕಾರಿನ ಮೋಟರಿಗೇ ಸಿಗದ ವಸ್ತುವನ್ನು ಇಸ್ತ್ರಿಯ ಶಾಖಕ್ಕಾಗಿ ಶರ್ಟಿಗೆ ಹಾಕುವುದು ದುಂದುಗಾರಿಕೆ ಅಲ್ವಾ? ಬಿಲ್ಲೆಯನ್ನು ಹೊರಗೆ ತೆಗೆದರೆ ಸಾಕು.

ತೆಗೆಯುವ ದಾರಿ ಎರಡು. ಕಿಸೆಯ ಒಳಬದಿಗೆ ಹಿಂದೆ ಮುಂದೆ ಒಂದೊಂದು ಪುಟ್ಟ ನೇಫೆ, ಅಂದರೆ ಲಾಡಿ ತೂರಿಸುವಂಥ ಬಟ್ಟೆಯ ಕೊಳವೆ, ಹೊಲಿಸಿ, ಒಂದು ತುದಿ ತೆರೆದೇ ಬಿಡುವುದು. ಬಿಲ್ಲೆ ಅದರೊಳಗೆ ಜಾರಿ ಕೂರುತ್ತದೆ, ಬೇಕೆಂದಾಗ ಹೊರಬರುತ್ತದೆ. ಯಾವ ಟೈಲರ್ ಆದರೂ ಇದನ್ನು ಹೊಲಿದುಕೊಡಬಲ್ಲ, ನನಗೆ ಇಷ್ಟವಾದದ್ದೂ ಇದೇ. ಹೊಲಿಗೆಯೇ ಬೇಡ ಅಂದರೆ ಪ್ರತಿ ಬದಿಗೂ ಒಂದು ಜೋಡಿ ಬೇಕು. ಬಟ್ಟೆಯ ಒಳಗೆ ಬಿಲ್ಲೆ, ಹೊರಗೆ ತೆಳುವಾದ ಉಕ್ಕಿನ ಟೊಪ್ಪಿ, ನಡುವೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಒಂದು ನಾಜೂಕು ಲೆಕ್ಕ ಇದೆ. ಕಿಸೆ ತೆರೆಯುವಾಗ ಎರಡು ಬದಿಯ ನಡುವಿನ ಹಿಡಿತ ಬಿಡಬೇಕು, ಬಿಲ್ಲೆಗೂ ಟೊಪ್ಪಿಗೂ ನಡುವಿನ ಹಿಡಿತ ಬಿಡಬಾರದು. ಟೊಪ್ಪಿಯ ಹಿಡಿತ ಕಡಿಮೆಯಾದರೆ ಪ್ಲಾಟ್‌ಫಾರ್ಮಿನಲ್ಲಿ ಬಿಲ್ಲೆ ಹುಡುಕುವ ಕೆಲಸ ನಿಮ್ಮದು. ಪ್ಲಾಟ್‌ಫಾರ್ಮಿನಿಂದ ಎತ್ತಿಕೊಂಡ ಬಿಲ್ಲೆಗೆ ಕರಿ ಮೀಸೆಯೂ ಬಂದಿರುತ್ತದೆ. ಚಕ್ರ, ಹಳಿ ಸವೆದು ಉದುರಿದ ಕಬ್ಬಿಣದ ಧೂಳು ಅದು.

ಮುಂಬೈಯಲ್ಲಿ ಕೂತು ಮ್ಯಾಗ್ನೆಟ್ ಬಗ್ಗೆ ಬರೆದು ಕೊಲಾಬಾ ಹೆಸರು ಎತ್ತದಿದ್ದರೆ ತಪ್ಪಾಗುತ್ತದೆ. ಅಲ್ಲಿನ ವೀಕ್ಷಣಾಲಯದಲ್ಲಿ 1841ರಿಂದಲೇ ಭೂಮಿಯ ಕಾಂತಕ್ಷೇತ್ರ ಅಳೆಯುತ್ತಿದ್ದರು. 1859ರ ಸೆಪ್ಟೆಂಬರ್‌ನಲ್ಲಿ ಸೂರ್ಯನಿಂದ ಬಂದ, ದಾಖಲೆಯಾದವುಗಳಲ್ಲೇ ಅತಿ ಪ್ರಬಲವಾದ ಕಾಂತ ಬಿರುಗಾಳಿಯಲ್ಲಿ ಕೊಲಾಬಾದ ಅಳತೆ ಸುಮಾರು 1600 ನ್ಯಾನೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ) ಕುಸಿದಿತ್ತು. ಮುಂದೆ ಊರಿಗೆ ವಿದ್ಯುತ್ ಟ್ರಾಂ ಬರುತ್ತದೆ ಅಂದಾಗ, ಅದರ ಕರೆಂಟು ಅಳತೆ ಕೆಡಿಸುತ್ತದೆಂದು ವೀಕ್ಷಣಾಲಯದ ನಿರ್ದೇಶಕ ನಾನಾಭಾಯ್ ಮೂಸ್ ಅವರ ಮುಂದಾಳತ್ವದಲ್ಲಿ ಕೆಲಸವನ್ನು ಸಮುದ್ರದಾಚೆ ಅಲಿಬಾಗ್‌ಗೆ ಸಾಗಿಸಿದರು. 1904ರಿಂದ ಅಲ್ಲಿ ಅಳತೆ ನಡೆಯುತ್ತಿದೆ. ನಮ್ಮ ಬಿಲ್ಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸುಮಾರು 27 ಸೆಂಟಿಮೀಟರ್ ದೂರದಲ್ಲಿ ಅದರ ಕಾಂತಕ್ಷೇತ್ರ ಹತ್ತಿರ ಹತ್ತಿರ 1600 ನ್ಯಾನೊಟೆಸ್ಲಾ. ಒಂದು ಗ್ರಾಂ ತೂಕದ ಕಿಸೆಯ ಬಿಲ್ಲೆ, ಒಂದು ಅಡಿಯೊಳಗೆ, 1859ರ ಬಿರುಗಾಳಿಗೆ ಸಮ! 10 ಸೆಂಟಿಮೀಟರ್‌ಗೆ ಬಂದರೆ ಭೂಮಿಯ ಕ್ಷೇತ್ರಕ್ಕೇ ಸವಾಲು ಹಾಕುವಷ್ಟು. ಅದೇ ಕಿಸೆಯಲ್ಲಿ ಮೊಬೈಲ್ ಇಟ್ಟರೆ ಮ್ಯಾಪಿನಲ್ಲಿ ನಿಮ್ಮ ಬಾಣ ಪೂರ್ವದ ಬದಲು ಇನ್ನೆಲ್ಲೋ ತೋರಿಸುವುದು ಇದಕ್ಕೇ. ಜಾಗ ತಪ್ಪುವುದಿಲ್ಲ, ಅದು ಉಪಗ್ರಹದ ಲೆಕ್ಕ. ದಿಕ್ಕು ಮಾತ್ರ ತಪ್ಪುತ್ತದೆ. ಬ್ಯಾಂಕ್ ಕಾರ್ಡಿನ ಚಿಪ್ಪಿಗೆ ಏನೂ ಆಗುವುದಿಲ್ಲ, ಹಿಂದಿನ ಕಪ್ಪು ಪಟ್ಟಿಯನ್ನು ಬಿಲ್ಲೆಗೆ ತಾಗಿಸದಿದ್ದರೆ ಒಳ್ಳೆಯದು. ಹೋಟೆಲ್ ರೂಮಿನ ಪಟ್ಟಿ ಇರುವ ಕೀ ಕಾರ್ಡು ಬೇಗ ಅಳಿಸಿಹೋಗುತ್ತದೆ.

ತಮಾಷೆ ಅಲ್ಲದ ವಿಷಯ ಒಂದಿದೆ. ಶರ್ಟಿನ ಕಿಸೆ ಇರುವುದು ಎಡ ಎದೆಯ ಮೇಲೆ. ಪೇಸ್‌ಮೇಕರ್ ಕೂರಿಸುವುದೂ ಹೆಚ್ಚಾಗಿ ಎಡ ಎದೆಯ ಮೇಲ್ಭಾಗದಲ್ಲೇ. ಆ ಸಾಧನದೊಳಗೆ ಮ್ಯಾಗ್ನೆಟ್ಟಿಗೆ ಸ್ಪಂದಿಸುವ ಒಂದು ಸ್ವಿಚ್ ಇರುತ್ತದೆ, ಬೇಕೆಂದೇ ಇಟ್ಟದ್ದು. ವೈದ್ಯರು ಮೇಲಿಂದ ಮ್ಯಾಗ್ನೆಟ್ ಇಟ್ಟು ಅದರ ನಡವಳಿಕೆ ಬದಲಿಸಲೆಂದು. ಸುಮಾರು ಒಂದು ಮಿಲಿಟೆಸ್ಲಾ (ಹತ್ತು ಲಕ್ಷ ನ್ಯಾನೊಟೆಸ್ಲಾ) ಕ್ಷೇತ್ರಕ್ಕೆ ಅದು ಎಚ್ಚರಗೊಳ್ಳಬಹುದು, ನಮ್ಮ ಒಂದೇ ಬಿಲ್ಲೆ 3 ಸೆಂಟಿಮೀಟರ್‌ನಲ್ಲಿ ಅಷ್ಟು ಕೊಡುತ್ತದೆ. ಆಗ ಪೇಸ್‌ಮೇಕರ್ ಹೃದಯದ ಮಾತು ಕೇಳುವುದು ಬಿಟ್ಟು ಒಂದೇ ಗತಿಯಲ್ಲಿ ಬಡಿಯತೊಡಗುತ್ತದೆ. ಶಾಕ್ ಕೊಟ್ಟು ಜೀವ ಉಳಿಸುವ ಐಸಿಡಿ ಆದರೆ, ಮ್ಯಾಗ್ನೆಟ್ ಇರುವಷ್ಟು ಹೊತ್ತು ಶಾಕ್ ಕೊಡುವುದನ್ನೇ ನಿಲ್ಲಿಸಬಹುದು. ಮ್ಯಾಗ್ನೆಟ್ ಇರುವ ಐಫೋನ್ 12 ಕೂಡ ಹೀಗೆ ಮಾಡಬಲ್ಲದು ಎಂದು 2021ರಲ್ಲಿ ಅಮೆರಿಕದ ವೈದ್ಯರು ತೋರಿಸಿದ ಮೇಲೆ, ಆ ಕಂಪನಿಯೇ 15 ಸೆಂಟಿಮೀಟರ್‌ಗಿಂತ ದೂರ ಇಡಿ ಎಂದು ಹೇಳುತ್ತದೆ. ಮನೆಯಲ್ಲಿ ಅಂಥವರಿದ್ದರೆ ಅವರ ಶರ್ಟಿನ ಕಿಸೆಗೆ ಗುಂಡಿಯೇ ಇರಲಿ. ಮೊಮ್ಮಗನ ಶರ್ಟನ್ನು ಅಜ್ಜ ಹಾಕಿಕೊಳ್ಳುವ ಮನೆಗಳಲ್ಲಿ, ಬಿಲ್ಲೆ ಬಿಚ್ಚಲು ಬರುವಂತಿರುವುದು ಇನ್ನೊಂದು ಕಾರಣಕ್ಕೂ ಬೇಕಾಯಿತು.

ಬಿಚ್ಚಿದ ಬಿಲ್ಲೆಯನ್ನು ಮೇಜಿನ ಮೇಲೆ ಬಿಡಬೇಡಿ. ಮಗು ಒಂದನ್ನು ನುಂಗಿದರೆ ಅದು ತಾನಾಗಿ ಹೊರಬರಬಹುದು. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ಗೋಡೆಯನ್ನು ನಡುವೆ ಸಿಕ್ಕಿಸಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಲ್ಲಿ ತೂತು ಬೀಳುತ್ತದೆ, ಆಪರೇಷನ್ ಬೇಕಾಗುತ್ತದೆ. ಒಗೆಯಲು ಶರ್ಟು ಹಾಕುವ ಮೊದಲು ಬಿಲ್ಲೆಗಳನ್ನು ತೆಗೆದು ಸ್ಟೀಲ್ ಕಪಾಟಿನ ಮೇಲ್ಗಡೆಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಅಂಟಿಸಿಬಿಡಿ. ಇಸ್ತ್ರಿ ಆಗಿ ಬಂದ ಮೇಲೆ, ಚುಕ್ಕೆ ನೋಡಿ ನೇಫೆಗೆ ಹಾಕಿದರಾಯಿತು.