ಲಸಿಕೆಯಿಂದ ತೊಂದರೆಯಾದರೆ ಯಾರ ಮನೆ ಬಾಗಿಲು ತಟ್ಟಬೇಕು?

ಮೈಸೂರಿನ ರಾಣಿಯರ ಒಂದು ಹಳೆಯ ಚಿತ್ರವಿದೆ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದದ್ದು. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಅನ್ನುತ್ತಾರೆ ಇತಿಹಾಸಕಾರರು. ರಾಣಿಯೇ ಹಾಕಿಸಿಕೊಂಡ ಮೇಲೆ ನಿಮಗೇನು ಭಯ, ಅಂತ ಜನರಿಗೆ ಹೇಳಿದ ಹಾಗೆ. ಆದರೆ ಹೆಚ್ಚುಕಮ್ಮಿಯಾದರೆ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ಕಾನೂನು ಉತ್ತರ ಕೊಡಲು ನೂರೈವತ್ತು ವರ್ಷ ಹಿಡಿಯಿತು.

1898ರಲ್ಲಿ ಪ್ಲೇಗ್ ಮೈಸೂರು ಸೀಮೆಗೂ ಬಂತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅಷ್ಟರಲ್ಲಿ ಮುಂಬೈನಲ್ಲಿ ಹಾಫ್ಕಿನ್ ಅನ್ನುವ ವಿಜ್ಞಾನಿ ಅದಕ್ಕೆ ಲಸಿಕೆ ಕಂಡುಹಿಡಿದಿದ್ದರು. 1902ರಲ್ಲಿ ಪಂಜಾಬಿನ ಮುಲ್ಕೊವಾಲ ಹಳ್ಳಿಯಲ್ಲಿ 107 ಜನ ಅದನ್ನು ಹಾಕಿಸಿಕೊಂಡರು. 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಮದ್ದು ಹೋದದ್ದು ಒಂದೇ ಬಾಟಲಿಯಿಂದ. ಕೊಳೆ ಸೇರಿದ್ದು ಮುಂಬೈನ ಲ್ಯಾಬಿನಲ್ಲೋ, ಹಳ್ಳಿಯಲ್ಲಿ ಬಾಟಲಿ ತೆರೆದಾಗಲೋ? ಹಾಫ್ಕಿನ್ ಅವರನ್ನು ಕೆಲಸದಿಂದ ದೂರ ಇಟ್ಟರು. ಅವರ ತಪ್ಪಿಲ್ಲ ಅಂತ ಇತ್ಯರ್ಥವಾಗುವಾಗ 1907 ಆಗಿತ್ತು. ಹೆಸರುವಾಸಿ ವಿಜ್ಞಾನಿಗೇ ಐದು ವರ್ಷ! ಇನ್ನು ಮಗ ಸತ್ತ ರೈತ ತಪ್ಪು ಯಾರದು ಅಂತ ಎಲ್ಲಿ ಸಾಬೀತು ಮಾಡುತ್ತಾನೆ?

ಈ ಗಂಟನ್ನು ಮೊದಲು ಬಿಚ್ಚಿದ್ದು ಜರ್ಮನಿ, 1961ರಲ್ಲಿ. ಊರಿನ ಒಳ್ಳೆಯದಕ್ಕೆ ಅಂತ ಸರ್ಕಾರ ಲಸಿಕೆ ಹಾಕಿಸಿದೆ, ಆದ್ದರಿಂದ ತಪ್ಪು ಯಾರದ್ದೇ ಇರಲಿ, ಖರ್ಚು ಸರ್ಕಾರದ್ದು. ಬ್ರಿಟನ್ 1979ರಲ್ಲಿ ಕಾನೂನು ಮಾಡಿತು, ಆದರೆ ಕೈ ಸ್ವಲ್ಪ ಬಿಗಿ: ಮೊದಲು ಶೇ. 80, 2002ರಿಂದ ಶೇ. 60ರಷ್ಟಾದರೂ ಅಂಗವೈಕಲ್ಯ ಇದ್ದರೆ ಮಾತ್ರ ದುಡ್ಡು. ಅಮೆರಿಕದ್ದು ವ್ಯಾಪಾರದ ಲೆಕ್ಕ. ಅಲ್ಲಿ ಕೇಸುಗಳು ಜಾಸ್ತಿಯಾಗಿ ಕಂಪನಿಗಳು ಲಸಿಕೆ ತಯಾರಿಸುವುದನ್ನೇ ಬಿಡತೊಡಗಿದವು. 1986ರಲ್ಲಿ ಕಾನೂನು ಬಂತು. ಲಸಿಕೆ ತಡೆಯುವ ಒಂದೊಂದು ಕಾಯಿಲೆಗೂ ಡೋಸಿಗೆ 75 ಸೆಂಟ್ ತೆರಿಗೆ, ಪರಿಹಾರ ಆ ನಿಧಿಯಿಂದ.

ಈಗ ನಮ್ಮ ಕಡೆಗೆ ಬನ್ನಿ. ಮಂಡ್ಯದ ಯಾವುದೋ ಅಂಗನವಾಡಿಯಲ್ಲಿ ಮಗುವಿಗೆ ಸೂಜಿ ಹಾಕಿಸಿದಿರಿ ಅಂದುಕೊಳ್ಳಿ. 'ಅರ್ಧ ಗಂಟೆ ಇಲ್ಲೇ ಕೂತಿರಿ' ಅನ್ನುತ್ತಾರೆ ಆಶಾ ಅಕ್ಕ. ಒಂದು ದಿನ ಜ್ವರ ಬಂದು ಹೋಗುತ್ತದೆ, ಅಷ್ಟೇ. ಗಂಭೀರ ತೊಂದರೆ ತೀರಾ ಅಪರೂಪ. ಆದರೂ ಆಯಿತು ಅನ್ನಿ. ವರದಿ ಜಿಲ್ಲಾ ಸಮಿತಿಗೆ ಹೋಗುತ್ತದೆ, ಲಸಿಕೆಯೇ ಕಾರಣವೋ ಅಲ್ಲವೋ ಅಂತ ತಜ್ಞರು ನೋಡುತ್ತಾರೆ. ಕಾರಣ ಪತ್ತೆ ಮಾಡುವುದು ಅವರ ಕೆಲಸ, ದುಡ್ಡು ಕೊಡಿಸುವುದಲ್ಲ. ವಿಚಿತ್ರ ನೋಡಿ, ಹೊಸ ಲಸಿಕೆಯ ಪ್ರಯೋಗಕ್ಕೆ ಸೇರಿ ಅದರಿಂದ ಹಾನಿಯಾದರೆ 2019ರ ನಿಯಮಗಳಲ್ಲಿ ಪರಿಹಾರ ಉಂಟು.

ಗ್ರಾಹಕರ ಆಯೋಗ? ಎಲ್ಲರಿಗೂ ಪುಕ್ಕಟೆ ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ಅಡಿ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದೇ ಸೂಜಿಯನ್ನು ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ರಸೀದಿ ಹಿಡಿದು ಹೋಗಬಹುದಿತ್ತು. ಬಡವರಿಗೆ ಈ ಬಾಗಿಲೂ ಇಲ್ಲ ಅಂತಾಯಿತು, ಅಲ್ವಾ?

ಕೋವಿಡ್ ಲಸಿಕೆಯ ನಂತರ ಸತ್ತ ಇಬ್ಬರು ಯುವತಿಯರ ಹೆತ್ತವರು ಸುಪ್ರೀಂ ಕೋರ್ಟಿಗೆ ಹೋದಾಗ ಈ ಪ್ರಶ್ನೆ ಮತ್ತೆ ಎದ್ದಿತು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಫಿಡವಿಟ್ ಹಾಕಿತು: ಲಸಿಕೆ ಹಾಕಿಸಿಕೊಳ್ಳಲೇಬೇಕು ಅಂತ ಕಾನೂನಿನ ಬಲವಂತ ಇರಲಿಲ್ಲ, ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಬಹುದು. ಸಿವಿಲ್ ಕೋರ್ಟಿನಲ್ಲಿ ಮೊದಲು ಕೇಳುವುದು ತಪ್ಪು ಯಾರದು ಅಂತಲೇ.